ಸ್ಟೇಷನ್ನಿಗೆಲ್ಲ ಒಬ್ಬಳೇ ಅತ್ತೆ

ನಮ್ಮ ಲೋಕಲ್ ರೈಲಿನ ಸ್ಟೇಷನ್ನಿನಲ್ಲಿ ಮೈಕಿನ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ರೈಲು ಯಾವ ಪ್ಲಾಟ್‌ಫಾರ್ಮಿಗೆ ಬರುತ್ತದೆಂದು ತಿಳಿಯಲು ಎಲ್ಲರೂ ಟೀ ಮಾರುವವನನ್ನೇ ನೋಡುತ್ತಿದ್ದೆವು. ಅವನು ಕೆಟಲ್ ಎತ್ತಿಕೊಂಡು ಯಾವ ಕಡೆ ಹೊರಟರೆ ಆಫೀಸಿನವರು, ಕಾಲೇಜಿನವರು, ಬಟ್ಟೆ ಹೊಲಿಯಲು ಹೋಗುವ ನಾನು, ಎಲ್ಲರೂ ಆ ಕಡೆಗೇ. ರೈಲಿನ ಕಿಟಕಿಯಲ್ಲಿ ಟೀ ಮಾರಿ ಹೊಟ್ಟೆ ಹೊರೆಯುವವನು, ತಪ್ಪುವುದುಂಟೆ?

ಆ ಮೈಕಿನ ಕೆಲಸಕ್ಕೆ ನನ್ನ ಸೊಸೆಯೇ ಬಂದು ಕೂತಳು. ಮನೆಯಲ್ಲಿ ಅರಳು ಹುರಿದ ಹಾಗೆ ಮಾತಾಡುವವಳು ಅಲ್ಲಿ ಮಾತ್ರ "ಪ್ರಯಾಣಿಕರ ಗಮನಕ್ಕೆ" ಎಂದು ಮೂಗಿನಲ್ಲಿ ರಾಗ ಎಳೆಯುತ್ತಿದ್ದಳು. ಒಂದು ಸಂಜೆ ಸಪ್ಪೆ ಮೋರೆ ಹಾಕಿಕೊಂಡು ಬಂದಳು.

"ಅತ್ತೆ, ನಾಳೆ ರೈಲ್ವೆ ಸಾಹೇಬ್ರು ತಪಾಸಣೆಗೆ ಬರ್ತಾರೆ. ನನ್ನ ಮಾತು ಯಾರೂ ಕೇಳಲ್ಲ ಅಂತ ಕಂಡ್ರೆ ಕೆಲಸದಿಂದ ತೆಗೀತಾರಂತೆ."

"ನಾನಿಲ್ವೇನೆ? ನೀನು ಹೇಳಿದ ಕಡೆ ಮೊದಲು ಓಡೋಳು ನಾನೇ" ಎಂದೆ.

ಮರುದಿನ ಸಾಹೇಬರು ಬಂದು ಜನರ ನಡುವೆ ನಿಂತರು. ಸೊಸೆ ರಾಗ ತೆಗೆದಳು. ರೈಲು ಒಂದನೇ ಪ್ಲಾಟ್‌ಫಾರ್ಮಿಗಂತೆ. ನಾವು ನಿಂತಿದ್ದುದೂ ಅಲ್ಲೇ. ಅಷ್ಟರಲ್ಲಿ ಟೀಯವನ ಭಾವಮೈದುನ, ವಿಮೆ ಏಜೆಂಟು, ಬ್ಯಾಗು ತೂಗಾಡಿಸುತ್ತ ಗೇಟಿನಲ್ಲಿ ಕಾಣಿಸಿಕೊಂಡ. ಅವನ ಕಣ್ಣು ತಪ್ಪಿಸಲು ಟೀಯವನು ಕೆಟಲ್ ಎತ್ತಿಕೊಂಡವನೇ ಸೇತುವೆ ಹತ್ತಿ ಎರಡನೇ ಪ್ಲಾಟ್‌ಫಾರ್ಮಿನ ಕಡೆ ಓಟ ಕಿತ್ತ.

ಸರಿ, ಇಡೀ ಸ್ಟೇಷನ್ ಅವನ ಹಿಂದೆ. ಸಾಹೇಬರೂ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿದರು. ನನ್ನ ಕಾಲುಗಳೂ ನನ್ನನ್ನು ಒಂದು ಮಾತು ಕೇಳದೆ ಹೊರಟೇಬಿಟ್ಟವು. ಸಾಹೇಬರಿಗಿಂತ ನಾನೇ ಮುಂದೆ!

ಮೈಕು ಪ್ರಯಾಣಿಕರ ಗಮನವನ್ನು ಮತ್ತೆ ಮತ್ತೆ ಬೇಡಿಕೊಂಡಿತು. ಯಾರೂ ತಿರುಗಲಿಲ್ಲ. ಆಮೇಲೆ ಸೊಸೆಗೆ ಮೈಕಿನ ಕೋಣೆಯ ಕಿಟಕಿಯಿಂದ ನನ್ನ ತೇಪೆ ಹಾಕಿದ ಕೊಡೆ ಕಂಡಿರಬೇಕು.

"ಅತ್ತೇ! ನೀವೂನಾ? ಮೊದಲು ಓಡ್ತೀನಿ ಅಂತ ನಿನ್ನೆ ಜಂಬ ಕೊಚ್ಕೊಂಡ್ರಲ್ಲ, ಇದೇನಾ ಅದು? ಇಳೀರಿ ಕೆಳಗೆ! ಒಂದನೇ ಪ್ಲಾಟ್‌ಫಾರ್ಮು ಅಂದ್ರೆ ಒಂದನೇ ಪ್ಲಾಟ್‌ಫಾರ್ಮು!"

ಸೇತುವೆಗೆ ಸೇತುವೆಯೇ ನಿಂತುಬಿಟ್ಟಿತು. ಅತ್ತೆ ಸೊಸೆ ಜಗಳ ಅಂದರೆ ಯಾರಿಗೆ ತಾನೇ ಕಿವಿ ನೆಟ್ಟಗಾಗುವುದಿಲ್ಲ?

"ಯಾರಪ್ಪಾ ಆ ಅತ್ತೆ?"

"ಇವ್ರೇ ನೋಡಿ, ಕೊಡೆಯವ್ರು!"

"ಅಮ್ಮಾ, ನಡೀರಿ ಕೆಳಗೆ. ನಿಮ್ಮ ಜೊತೆ ನಮಗೂ ಬೈಸಬೇಡಿ!"

ನನ್ನನ್ನು ಮುಂದೆ ಬಿಟ್ಟುಕೊಂಡು ಎಲ್ಲರೂ ದಡದಡ ಇಳಿದರು. ರೈಲು ಅಲ್ಲಿಗೇ ಬಂತು, ಎಲ್ಲರೂ ಹತ್ತಿದರು. ಎದುರುಗಡೆ ಉಳಿದವನು ಟೀಯವನು. ಪಕ್ಕದಲ್ಲಿ ಭಾವಮೈದುನ ಆಗಲೇ ಬ್ಯಾಗು ಬಿಚ್ಚುತ್ತಿದ್ದ.

ನನ್ನನ್ನು ಮಾತ್ರ ಸಾಹೇಬರು ತಡೆದು ಸೊಸೆಯ ಕೋಣೆಗೆ ಕರೆದುಕೊಂಡು ಹೋದರು. ಬೆವರು ಒರೆಸಿಕೊಂಡು ಅವಳಿಗೆ ಹೇಳಿದರು: "ಕೆಲಸ ಇರ್ಲಿ ಕಣಮ್ಮ. ಆದ್ರೆ ಆ ರಾಗ ಬಿಟ್ಬಿಡು. ಬೈದೇ ಹೇಳು."

ಈಗ ಪ್ರತಿ ರೈಲಿಗೂ ಮೈಕು "ಅತ್ತೇ!" ಎಂದೇ ಬಾಯಿ ತೆರೆಯುತ್ತದೆ. ಜನರೆಲ್ಲ ತಲೆ ಎತ್ತುತ್ತಾರೆ, ಟೀಯವನೂ ಸೇರಿ. ರಜೆಯ ದಿನ ನಾನು ಮನೆಯಲ್ಲಿದ್ದರೂ, ಗಾಳಿ ಈ ಕಡೆ ಬೀಸಿದರೆ ಸಾಕು, ಹೋಗಿ ಬರುವ ರೈಲಿಗೆಲ್ಲ ಬೈಸಿಕೊಳ್ಳುತ್ತ ಕೂರುತ್ತೇನೆ.