ಹೋರಿಯ ಹೊಟ್ಟೆ

ಗೋಕಾಕದ ಕಾಲೇಜೊಂದರಲ್ಲಿ ನಾನು ಅತಿಥಿ ಉಪನ್ಯಾಸಕ. ಅನುವಾದಿತ ಕಾದಂಬರಿ ಓದಿ ಓದಿ, ನಮ್ಮ ಬಸ್ ಸ್ಟ್ಯಾಂಡಿನಲ್ಲೂ ಹಿಮ ಬೀಳಲಿ ಎಂದು ಕಾಯುವ ಪೈಕಿ. ಹಾಗಾಗಿ ಹುಕ್ಕೇರಿ ಕಡೆಯ ಮೀಸಲು ಅರಣ್ಯದ ಬಂಡೆಯ ಮೇಲೆ ಕೈ ಎತ್ತಿ ನಿಂತ ಕೆಂಪು ಮನುಷ್ಯನ ಚಿತ್ರ ಕಂಡಾಗ, ‘ಮನುಕುಲದ ಮೊದಲ ಒಂಟಿತನ’ ಎಂದೇ ಹೊಳೆಯಿತು. ಮೂರು ಭಾನುವಾರ ಎದುರಿನ ಬಂಡೆಗೆ ಒರಗಿ ಕೂತು ಹನ್ನೆರಡು ಪುಟ ಬರೆದೆ. ಹಳೆಯ ಬಂಡೆಚಿತ್ರಗಳ ಮೇಲೆ ಕೆಲಸ ಮಾಡುವ ಧಾರವಾಡದ ಸಂಶೋಧಕಿ ದಾಕ್ಷಾಯಿಣಿ ಮೇಡಂಗೆ ಕಳಿಸಿದೆ. ಅವರ ವರದಿಯಲ್ಲಿ ‘ಪತ್ತೆ ಹಚ್ಚಿದವರು’ ಎಂಬಲ್ಲಿ ನನ್ನ ಹೆಸರು ಬರಬೇಕು, ಅಷ್ಟೇ ಆಸೆ.

ಮೇಡಂ ಬಂದರು. ದಾರಿ ತೋರಿಸಲು ಅರಣ್ಯ ಕಾವಲುಗಾರ ಕಲ್ಲಪ್ಪ. ಅಲ್ಲೇ ನೆರಳಿಗೆ ಕುರಿ ನಿಲ್ಲಿಸಿಕೊಂಡು ಬೀರಸಿದ್ದಪ್ಪ ಕಾಕಾ ಕೂತಿದ್ದರು. ನಾನು ಒಂಟಿ ಮನುಷ್ಯನನ್ನು ತೋರಿಸುತ್ತಿದ್ದಂತೆ ಕಾಕಾ ನಕ್ಕುಬಿಟ್ಟರು.

“ಅದು ನಾ ಒರಸಿದ್ದರಿ ಅಕ್ಕಾರ. ಕುರಿಗೆ ಗುರುತಿನ ಬಣ್ಣ ಹಚ್ಚಿದ ಮ್ಯಾಲ ಕೈ ಎಲ್ಲಿ ಒರಸೂದು? ಧೋತರಕ್ಕ ಒರಸಿದ್ರ ಮನ್ಯಾಗ ಕೂಳ ಹಾಕಂಗಿಲ್ಲ.”

“ಖರೆ, ಆದ್ರ ಕೈ ಎತ್ತೇತಲ್ಲ ಕಾಕಾ?” ಎಂದೆ.

“ಅದು ನನ್ನ ಹೆಬ್ಬಟ್ಟೋ ತಮ್ಮಾ.”

ಮೇಡಂ ಆಗಲೇ ಹಿಂದೆ ತಿರುಗಿ, ನಾನು ಒರಗುತ್ತಿದ್ದ ಬಂಡೆಯ ಮುಂದೆ ಉಸಿರು ಹಿಡಿದು ನಿಂತಿದ್ದರು. ಮಾಸಿದ ಕಾವಿ ಬಣ್ಣದ ಹೋರಿ. ಕೊಂಬು, ಡುಬ್ಬ, ಬಾಲ ಇದ್ದವು. ಹೊಟ್ಟೆಯ ಜಾಗ ತಿಕ್ಕಿ ಬೆಳ್ಳಗಾಗಿತ್ತು.

“ಸಾವಿರಾರು ವರ್ಷ ಉಳಿದಿತ್ತು,” ಎಂದರು. “ಇದನ್ನ ಮೊನ್ನೆ ಮೊನ್ನೆ ಯಾರೋ ಅಳಿಸ್ಯಾರ.”

“ಇನ್ಯಾರ್ರಿ? ಕುರಿ ಮೈ ತಿಕ್ಕ್ಯಾವು,” ಎಂದ ಕಲ್ಲಪ್ಪ. “ಕಾಕಾ, ನಾಳಿಯಿಂದ ಈ ಕಡೆ ಬರಬ್ಯಾಡ. ಸಾಹೇಬರಿಗೆ ಬರದು ಕೊಡತೇನಿ.”

ಕಾಕಾನ ನಗು ನಿಂತಿತು. “ಬಿಸಿಲಾಗ ಎಲ್ಲಿ ನಿಲ್ಲಸ್ಲೋ? ಅದು ಹಿರ್ಯಾರ ಹೋರಿ. ಅದಕ್ಕ ನಾವು ಬೆನ್ನ ಸೈತ ಹಚ್ಚಂಗಿಲ್ಲ.”

ನಾನು ಓದಿದ ಕಾದಂಬರಿಗಳಲ್ಲಿ ಇಂಥ ಹೊತ್ತಿಗೆ ನಾಯಕ ಕಿಟಕಿಯಾಚೆ ನೋಡುತ್ತ ನಲವತ್ತು ಪುಟ ಸುಮ್ಮನಿರುತ್ತಾನೆ. ಇಲ್ಲಿ ಕಿಟಕಿ ಇರಲಿಲ್ಲ. ಎದುರಿಗೆ ಕುರಿಗಳಿದ್ದವು, ಎಲ್ಲವೂ ನನ್ನನ್ನೇ ನೋಡುತ್ತಿದ್ದವು.

“ಕುರಿ ಅಲ್ರಿ, ನಾನು,” ಎಂದೆ. “ಕೆಂಪ ಮಣ್ಣು ಅಂತ ತಿಳಕೊಂಡು, ಬಿಳಿ ಅಂಗಿಗೆ ಹತ್ತಬಾರದಂತ, ಹಸಿ ಟಾವೆಲ್‌ಲೆ ತಿಕ್ಕಿ ಕೂಡತಿದ್ದೆ. ಮೂರು ವಾರ.”

ಕಲ್ಲಪ್ಪ ಕಾಕಾನ ಮುಖ ನೋಡಲಾಗದೆ ಟೋಪಿ ಸರಿಮಾಡಿಕೊಂಡ. ಕಾಕಾ ಒಂದು ಕುರಿಯ ಬೆನ್ನು ಚಪ್ಪರಿಸಿದರು. “ನೀ ಭಾಳ ಶಾಣ್ಯಾ ಅದಿ ನೋಡವಾ.”

ಮೇಡಂ ವಹಿ ತೆರೆದರು. ‘ಹಾನಿ ಮಾಡಿದವರು’ ಎಂದು ಬರೆದು, “ನಿಮ್ಮ ಪೂರ್ತಿ ಹೆಸರು?” ಎಂದು ಕೇಳಿದರು.

ತಪ್ಪಾಗದಿರಲಿ ಎಂದು ಎರಡು ಸಲ ಬಿಡಿಸಿ ಹೇಳಿದೆ.