ಒಂದು ಎಡ, ಒಂದು ಬಲ

ಮಾವನವರಿಗೆ ಗಂಟುಮೋರೆ ಎಂಬ ಹೆಸರು ಬಿದ್ದದ್ದು ಅವರು ಬಸ್ಸು ಓಡಿಸುತ್ತಿದ್ದ ಕಾಲದಲ್ಲಿ. ಕನ್ನಡಿಯಲ್ಲಿ ಹಿಂದಿನ ಸೀಟಿನವರನ್ನು ನೋಡುವಾಗ ಅವರ ಹುಬ್ಬುಗಳ ನಡುವೆ ಬೀಳುತ್ತಿದ್ದ ಗಂಟನ್ನು ಕಂಡು ಕಂಡಕ್ಟರೊಬ್ಬ ಇಟ್ಟ ಹೆಸರು ಅದು. ನಿವೃತ್ತಿಯಾದಾಗ ಬಸ್ಸು ಡಿಪೋದಲ್ಲೇ ಉಳಿಯಿತು, ಹೆಸರು ಮನೆಗೆ ಬಂತು. ಆ ಗಂಟು ಒಂದು ದಿನ ಮೋರೆಯಿಂದ ಇಳಿದು ಗೋಡೆ, ಕಿಟಕಿ, ದೀಪ, ಹೂಕುಂಡ ಎಲ್ಲಕ್ಕೂ ಹಬ್ಬೀತೆಂದು ಆಗ ಯಾರೂ ಎಣಿಸಿರಲಿಲ್ಲ.

ಕಾರಣ ಎಡಗೈ. ಲಕ್ವ ಹೊಡೆದಾಗ ಕಾಲು, ಮಾತು, ಕೈ ಮೂರೂ ಒಟ್ಟಿಗೆ ಮುಷ್ಕರ ಹೂಡಿದವು. ಕಾಲು ಬೇಗ ಕೆಲಸಕ್ಕೆ ಮರಳಿತು. ಮಾತು ಮೊದಲೂ ಹೆಚ್ಚಿರಲಿಲ್ಲವಾದ್ದರಿಂದ ಎಷ್ಟು ಮರಳಿತೆಂದು ಹೇಳುವುದು ಕಷ್ಟ. ಎಡಗೈ ಮಾತ್ರ ತೊಡೆಯ ಮೇಲೆ ಬೇರೆಯವರು ಮರೆತುಹೋದ ಸಾಮಾನಿನಂತೆ ಬಿದ್ದಿರುತ್ತಿತ್ತು. ವಾರಕ್ಕೊಮ್ಮೆ ಬರುತ್ತಿದ್ದ ಫಿಸಿಯೋ ಹುಡುಗಿ ಮೊದಲು ಒಂದು ರಬ್ಬರ್ ಚೆಂಡು ತಂದು ಹಿಸುಕಿ ಎಂದಳು. ತಾನು ನಾಯಿಮರಿಯಲ್ಲ ಎಂದು ಅವರು ಅದನ್ನು ಪಕ್ಕಕ್ಕಿಟ್ಟರು. ಆಮೇಲೆ ಜೇಡಿಮಣ್ಣು ತಂದಳು. ಅದನ್ನು ಮುಟ್ಟಲೇ ಇಲ್ಲ. ಕೊನೆಗೆ ಹತ್ತಿಯ ಹಗ್ಗದ ಉಂಡೆಯೊಂದನ್ನು ತಂದು, ಇದರ ಹೆಸರು ಮ್ಯಾಕ್ರಮೆ, ಗಂಟು ಹಾಕುತ್ತಾ ಹೋದರೆ ಮನೆಗೆ ಅಲಂಕಾರವೂ ಆಯಿತು, ಕೈಗೆ ವ್ಯಾಯಾಮವೂ ಆಯಿತು ಎಂದಳು. ಹಗ್ಗ ಕಂಡದ್ದೇ ಮಾವನ ಕಣ್ಣು ಚುರುಕಾಯಿತು. ಬಸ್ಸಿನ ತಲೆಯ ಮೇಲೆ ಪರರ ಮಂಚ, ಮೇಜುಗಳನ್ನೆಲ್ಲ ಬಿಗಿದು ಕಟ್ಟಿಸಿದವರು ಅವರು.

"ಮ್ಯಾಕ್ರಮೆನೋ ಮಂಗನ ಬಾಲಾನೋ, ಕೊಡಿಲ್ಲಿ," ಎಂದರು.

ಕೆಲಸ ಸರಳ. ನಾಲ್ಕು ಎಳೆ. ನಡುವಿನ ಎರಡು ಮನೆಯ ಗಂಡಸರಂತೆ ಸುಮ್ಮನೆ ನಿಂತಿರುತ್ತವೆ. ಅಂಚಿನ ಎರಡು ಸೊಸೆಯರಂತೆ ಅವುಗಳ ಸುತ್ತ ಓಡಾಡಬೇಕು. ಒಮ್ಮೆ ಎಡದ ಎಳೆ ಮುಂದಾಗಬೇಕು, ಒಮ್ಮೆ ಬಲದ್ದು. ಸರದಿ ತಪ್ಪದಿದ್ದರೆ ಪಟ್ಟಿ ಮಟ್ಟಸವಾಗಿ ಇಳಿಯುತ್ತದೆ. ಬಲದ್ದೇ ಮತ್ತೆ ಮತ್ತೆ ಮುಂದಾದರೆ ಪಟ್ಟಿ ತಿರುಚಿಕೊಂಡು ಸುರುಳಿಯಾಗುತ್ತದೆ. ಎಡಗೈ ಕಳ್ಳಾಟವಾಡುತ್ತಿದೆಯೋ ಇಲ್ಲವೋ ಎಂಬುದು ಹಗ್ಗ ನೋಡಿದರೇ ಗೊತ್ತಾಗುತ್ತದೆ, ಸುರುಳಿ ಇಲ್ಲದ ಪಟ್ಟಿ ಬಂದ ದಿನ ತಾತ ಪಾಸ್ ಎಂದಳು ಹುಡುಗಿ.

ಪಾಸಾದರೆ ತಾತ ಎಲ್ಲಿಗೆ ಎಂಬುದು ಮೊದಲೇ ತೀರ್ಮಾನವಾಗಿತ್ತು. ಹಿರಿಯ ಮಗನ ಮನೆಗೆ. ಅಲ್ಲಿ ಗಂಡಹೆಂಡಿರಿಬ್ಬರೂ ಬೆಳಿಗ್ಗೆ ಹೋದರೆ ಸಂಜೆ ಬರುವವರು. ತನ್ನ ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುವಂತಾದರೆ ಮಾವನನ್ನು ಖಂಡಿತ ಕರೆದುಕೊಳ್ಳುತ್ತೇವೆ ಎಂದು ಹಿರಿಯ ಸೊಸೆ ಓರಗಿತ್ತಿಗೆ ಮಾತು ಕೊಟ್ಟಿದ್ದಳು. ಈ ಮನೆಯ ಕಿರಿಯ ಸೊಸೆ ಆ ಗುಂಡಿಗಾಗಿ ಕಾಯುತ್ತಿದ್ದಳು. ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ, ಆದರೆ ತನಗೆ ತಾನು ಸುಳ್ಳು ಹೇಳಿಕೊಂಡೂ ಇರಲಿಲ್ಲ.

ಅವಳು ಒಂದು ಮುದ್ರಣಾಲಯದಲ್ಲಿ ಕರಡು ತಿದ್ದುವವಳು. ದಿನವಿಡೀ ಬೇರೆಯವರ ಕಾಗುಣಿತ ನೋಡಿ, ಸಂಜೆ ಇನ್ನಷ್ಟು ಹಾಳೆ ಹೊತ್ತುಕೊಂಡು ಬರುತ್ತಿದ್ದಳು. ಮನೆಯಲ್ಲಿ ಇದ್ದ ಎರಡು ಕೋಣೆಗಳಲ್ಲಿ ಒಂದರ ಕಿಟಕಿಯ ಪಕ್ಕ ಅವಳ ಮೇಜಿತ್ತು. ಈಗ ಆ ಕೋಣೆಯಲ್ಲಿ ಮಾವನ ಮಂಚ, ಆ ಮೇಜಿನ ಮೇಲೆ ಮಾವನ ಔಷಧಿ, ಹಗ್ಗದ ಉಂಡೆ, ಕತ್ತರಿ. ಅವಳು ಅಡುಗೆಮನೆಯಲ್ಲಿ ಇಸ್ತ್ರಿ ಮಾಡುವ ಹಲಗೆಯ ಮೇಲೆ ಹಾಳೆ ಹರಡಿಕೊಂಡು, ನಿಂತುಕೊಂಡೇ ತಿದ್ದುತ್ತಿದ್ದಳು. ಒಮ್ಮೆ ಒಂದು ಅಧ್ಯಾಯಕ್ಕೆ ಸಾರು ಚೆಲ್ಲಿ, ಲೇಖಕರು ಅದನ್ನು ಟೀಕೆಯೆಂದು ತಿಳಿದು ಮುನಿಸಿಕೊಂಡಿದ್ದರು.

ಹಗ್ಗ ಮಾತ್ರ ನೇರವಾಗಲಿಲ್ಲ. ಮೊದಲು ಬಂದದ್ದು ಕನ್ನಡಿಯ ಸುತ್ತಿನ ಜಾಲರಿ, ಸುರುಳಿ. ಆಮೇಲೆ ಪರದೆ ಕಟ್ಟುವ ಪಟ್ಟಿ, ಅದೂ ಸುರುಳಿ. ಸೋಫಾದ ಮೇಲಿನ ಗೋಡೆಗೆ ಒಂದು ಕೋಲು, ಕೋಲಿನಿಂದ ಇಳಿಬಿದ್ದ ಹತ್ತಾರು ಸುರುಳಿ, ಕೆಳಗೆ ಕುಚ್ಚು. ದೀಪಕ್ಕೆ ಹೊದಿಕೆ ಬಂದ ಮೇಲೆ ಹಾಲ್‌ನಲ್ಲಿ ಎಲ್ಲರ ಮುಖದ ಮೇಲೂ ಬಲೆಯ ನೆರಳು ಬಿದ್ದು, ಊಟಕ್ಕೆ ಕೂತವರು ಸಿಕ್ಕಿಬಿದ್ದ ಮೀನಿನಂತೆ ಕಾಣುತ್ತಿದ್ದರು. ಕಿಟಕಿಯಲ್ಲಿ ತೂಗುಹಾಕಿದ ಹೂಕುಂಡ ಹಗ್ಗದ ತಿರುಚಿಗೆ ನಿಧಾನವಾಗಿ ಅತ್ತ ಒಂದು ಸುತ್ತು, ಇತ್ತ ಒಂದು ಸುತ್ತು ತಿರುಗುತ್ತಿತ್ತು. ಈ ಮನೆಯಲ್ಲಿ ತಿರುಗಾಡುವ ಭಾಗ್ಯ ಆ ಗಿಡಕ್ಕೊಂದೇ ಎಂದು ಸೊಸೆಗೆ ಅನಿಸುತ್ತಿತ್ತು.

ಬಂದವರೆಲ್ಲ ಹೊಗಳುತ್ತಿದ್ದರು. ಸುರುಳಿ ಈಗಿನ ಫ್ಯಾಷನ್, ಬೇಕೆಂದೇ ಹಾಗೆ ಹೆಣೆಸಿದ್ದೀರಾ ಎಂದು ಕೇಳುತ್ತಿದ್ದರು. ಕೋಲ್ಡ್ ಸ್ಟೋರೇಜಿನಲ್ಲಿ ರಾತ್ರಿ ಪಾಳಿ ಮುಗಿಸಿ ಬರುವ ಗಂಡ ಎಲ್ಲವನ್ನೂ ಚೆನ್ನಾಗಿದೆ ಎಂದು ಹೇಳಿ ಮಲಗುತ್ತಿದ್ದ. ಅವನು ಹೊಸದನ್ನು ನೋಡಿ ಹೇಳುತ್ತಾನೋ ಹಳೆಯದನ್ನೋ ಎಂಬುದು ಎಂದೂ ಗೊತ್ತಾಗಲಿಲ್ಲ. ಹೊಗಳಿದವರು ಯಾರೂ ದೂಳಿನ ಬಗ್ಗೆ ಕೇಳಲಿಲ್ಲ. ಗಂಟುಗಂಟಿಗೂ ದೂಳು ಕೂರುತ್ತದೆ. ಭಾನುವಾರಗಳಲ್ಲಿ ಅವಳು ಹಳೆಯ ಬಾಚಣಿಗೆ ಹಿಡಿದು, ಸ್ಟೂಲ್ ಹತ್ತಿ, ಗೋಡೆಗೆ ತಲೆ ಬಾಚುತ್ತಿದ್ದಳು. ತನ್ನ ತಲೆಗೆ ಸಮಯ ಸಿಕ್ಕರೆ ಆಮೇಲೆ.

"ನಾಯಿ ಬಾಲಕ್ಕೆ ದಬ್ಬೆ ಕಟ್ಟಿದ ಹಾಗಾಯ್ತು," ಎಂದು ಅವಳು ಒಮ್ಮೆ ಸ್ಟೂಲಿನ ಮೇಲಿನಿಂದ ಹೇಳಿದಳು. ಮಾವ ಕೇಳಿಸದವರಂತೆ ಗಂಟು ಹಾಕುತ್ತಿದ್ದರು, ಬಲದಿಂದ.

ಆ ನಡುವೆ ಓರಗಿತ್ತಿ ಫೋನ್ ಮಾಡಿದಳು. ಸೊಸೆಯ ಎರಡೂ ಕೈಯಲ್ಲಿ ಹಿಟ್ಟಿತ್ತು. ಫೋನನ್ನು ಸ್ಪೀಕರಿಗೆ ಹಾಕಿ ಹಾಲ್‌ನ ಟೀಪಾಯಿಯ ಮೇಲಿಟ್ಟಿದ್ದಳು. ಮಾವ ಎರಡು ಮಾರು ದೂರದಲ್ಲಿ ಕೂತಿದ್ದರು. ಓರಗಿತ್ತಿ ಕೈಯ ವಿಚಾರ ಕೇಳಿ, ನಿಟ್ಟುಸಿರಿಟ್ಟು, ಆಮೇಲೆ ಹೇಳಿದಳು: "ಬರೋವಾಗ ಆ ಹಗ್ಗಗಳನ್ನೆಲ್ಲ ಅಲ್ಲೇ ಬಿಟ್ಟುಬರೋಕೆ ಹೇಳು ಮಾರಾಯ್ತಿ. ಈಗಷ್ಟೇ ಬಣ್ಣ ಹೊಡೆಸಿದೀವಿ, ಗೋಡೆಗೆ ಒಂದು ಮೊಳೆ ಕೂಡ ಹೊಡಿಯೋ ಹಾಗಿಲ್ಲ."

ಮಾವ ತಲೆ ಎತ್ತಲಿಲ್ಲ. ಹುಬ್ಬಿನ ನಡುವಿನ ಗಂಟು ಮಾತ್ರ ಇನ್ನೊಂದು ಸುತ್ತು ಬಿಗಿಯಾಯಿತು.

ಕೆಲ ದಿನಗಳಾದ ಮೇಲೆ ಒಂದು ಶನಿವಾರ ಸಂಜೆ ಸೊಸೆಯ ಕೈಚೀಲದ ಪಟ್ಟಿ ಕಿತ್ತುಹೋಯಿತು. ಹಾಳೆಗಳ ಭಾರಕ್ಕೆ ಅದು ಬಹುಕಾಲದಿಂದ ಬೆದರಿಕೆ ಹಾಕುತ್ತಲೇ ಇತ್ತು. ಬಸ್ಸು ಇಳಿಯುವಾಗ ನಡೆಸಿಕೊಟ್ಟಿತು. ಚೀಲವನ್ನು ಮಗುವಿನಂತೆ ಅವುಚಿಕೊಂಡು ಬಂದು ಸೋಫಾದ ಮೇಲೆ ಹಾಕಿ, ಇನ್ನೊಂದು ಕೊಳ್ಳಬೇಕು, ಕೊಳ್ಳಲು ಅಂಗಡಿಗೆ ಹೋಗಬೇಕು, ಹೋಗಲು ಕಾಲು ಬೇಕು ಎಂದುಕೊಂಡು ಮಲಗಿದಳು. ಮರುದಿನ ರಜೆ ಇತ್ತು; ಬಟ್ಟೆ ಒಗೆಯುವುದರಲ್ಲಿ ಕಳೆಯಿತು. ಅದರ ಮರುದಿನ ಬೆಳಿಗ್ಗೆ ಚೀಲ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿತ್ತು. ಹೊಸ ಪಟ್ಟಿ, ಹತ್ತಿ ಹಗ್ಗದ್ದು.

"ಆ ಹುಡುಗಿ ಹಾಕಿಕೊಟ್ಟಳು," ಎಂದರು ಮಾವ, ಅವಳು ಕೇಳುವ ಮೊದಲೇ.

ಬಸ್ಸಿನಲ್ಲಿ ನಿಂತಾಗ ಅವಳಿಗೆ ಏನೋ ಕಡಿಮೆಯಾಗಿದೆ ಎನಿಸಿತು. ಸ್ವಲ್ಪ ಹೊತ್ತಿನ ಮೇಲೆ ತಿಳಿಯಿತು, ಭುಜದ ನೋವು. ಹಳೆಯ ಪಟ್ಟಿ ಮಾಂಸದೊಳಗೆ ಗೆರೆ ಕೊರೆಯುತ್ತಿತ್ತು. ಇದು ಅಂಗೈಯಿಟ್ಟಂತೆ ಹರಡಿ ಕೂತಿತ್ತು. ಕೆಲಸದ ಅಭ್ಯಾಸ, ಕಣ್ಣು ತಾನಾಗಿ ಪಟ್ಟಿಯ ಗಂಟುಗಳನ್ನು ಸಾಲು ಹಿಡಿದು ಓದತೊಡಗಿತು. ಒಂದು ಎಡ, ಒಂದು ಬಲ. ಒಂದು ಎಡ, ಒಂದು ಬಲ. ಭುಜದಿಂದ ಚೀಲದವರೆಗೆ ಓದಿದಳು, ಹಿಂಬದಿಯಿಂದ ಮತ್ತೆ ಭುಜದವರೆಗೆ ಓದಿದಳು. ಒಂದು ತಪ್ಪಿಲ್ಲ. ಹುಡುಗಿ ಬರುವುದು ಶನಿವಾರ. ಚೀಲ ಕಿತ್ತದ್ದು ಅವಳು ಬಂದುಹೋದ ಮೇಲೆ. ಜೊತೆಗೆ ತುದಿಯಲ್ಲಿ ಬಿಗಿದ ಗಂಟು ಯಾವ ಫಿಸಿಯೋ ಶಾಲೆಯಲ್ಲೂ ಕಲಿಸುವಂಥದ್ದಲ್ಲ. ಅದು ಬಸ್ಸಿನ ತಲೆಯ ಮೇಲೆ ಮಂಚ ಕಟ್ಟುವವರ ಗಂಟು.

ಗೋಡೆಗೆ ನೇತುಹಾಕುವುದು ಹೇಗೆ ಸುರುಳಿಯಾದರೂ ನಡೆಯುತ್ತದೆ. ಭಾರ ಹೊರುವ ಪಟ್ಟಿ ಸುರುಳಿಯಾದರೆ ಭುಜ ಕೊಯ್ಯುತ್ತದೆ. ಮುದುಕ ಸುಳ್ಳು ಹೇಳಬಲ್ಲವನಾಗಿದ್ದ, ಕೆಟ್ಟ ಕೆಲಸ ಮಾಡಬಲ್ಲವನಾಗಿರಲಿಲ್ಲ.

ಅವಳಿಗೆ ಮೊದಲು ಬಂದದ್ದು ಸಿಟ್ಟು. ಮುದ್ರಣಾಲಯದಲ್ಲಿ ಇಡೀ ದಿನ ಸಿಟ್ಟಿನಲ್ಲೇ ತಿದ್ದಿದಳು. ಅಲ್ಪವಿರಾಮಗಳನ್ನು ಕಳೆ ಕಿತ್ತಂತೆ ಕಿತ್ತಳು. ಇಷ್ಟು ಭಾನುವಾರ ಗೋಡೆಗೆ ತಲೆ ಬಾಚಿದ್ದು, ಬೆಳಿಗ್ಗೆ ಬೆಳಿಗ್ಗೆ ಅಂಗಿಯ ಗುಂಡಿ ಹಾಕಿದ್ದು, ಇಸ್ತ್ರಿ ಹಲಗೆಯ ಮುಂದೆ ಕಾಲು ಬಾತು ನಿಂತದ್ದು ಎಲ್ಲ ನೆನಪಾಯಿತು. ಕೊರಳಿಗೆ ಗಂಟುಬಿದ್ದರು ಎನ್ನುತ್ತಾರಲ್ಲ, ಇದಕ್ಕೇ ಇರಬೇಕು. ಶನಿವಾರ ಹುಡುಗಿ ಬಂದಾಗ ಪಟ್ಟಿಯನ್ನು ಅವಳ ಕೈಗೆ ಕೊಡುವುದು, ನೋಡು ಎನ್ನುವುದು, ಅಷ್ಟೇ. ಮುಂದಿನದನ್ನು ಹಗ್ಗವೇ ಹೇಳುತ್ತದೆ. ಭಾನುವಾರ ಮಾವ ಹೊರಟರೆ ಸೋಮವಾರಕ್ಕೆ ಮೇಜು ಖಾಲಿ.

ಶನಿವಾರ ಅವಳು ಕೆಲಸದಿಂದ ಬಂದಾಗ ಹುಡುಗಿ ಆಗಲೇ ಬಂದು ಕೂತು ಹೊಸ ಸುರುಳಿಯನ್ನು ಬೆರಳಲ್ಲಿ ಎಳೆದು ನೋಡುತ್ತಿದ್ದಳು. ಇನ್ನೂ ತಿರುಚುತ್ತಿದೆಯಲ್ಲ ತಾತ ಎನ್ನುತ್ತಿದ್ದಳು. ಎಡಗೈ ಯಥಾಪ್ರಕಾರ ತೊಡೆಯ ಮೇಲೆ ಸತ್ತುಬಿದ್ದಿತ್ತು. ಸೊಸೆ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದಾಗ ಹುಡುಗಿಯ ಕಣ್ಣು ಚೀಲದ ಮೇಲೆ ಬಿತ್ತು. ಎದ್ದು ಬಂದು ಪಟ್ಟಿಯನ್ನು ಹಿಡಿದು ನೋಡಿದಳು.

"ಅಯ್ಯೋ, ಎಷ್ಟು ಮಟ್ಟಸವಾಗಿದೆ. ಯಾರಕ್ಕ ಹಾಕಿದ್ದು?"

ಮಾವನ ಸುಳ್ಳಿಗೆ ಅಲ್ಲಿಗೆ ಆಯಸ್ಸು ಮುಗಿಯಿತು. ಅವರು ಹಗ್ಗ ಕೆಳಗಿಟ್ಟರು. ಸೊಸೆಯ ಮುಖ ನೋಡಲಿಲ್ಲ. ಗೋಡೆ ನೋಡಿದರು, ಒಂದೊಂದೇ ಮೊಳೆಯನ್ನು, ಸ್ಟಾಪಿನಲ್ಲಿ ಇಳಿಯುವವರನ್ನು ಕನ್ನಡಿಯಲ್ಲಿ ನೋಡುವಂತೆ. ತೊಡೆಯ ಮೇಲಿದ್ದ ಎಡಗೈ, ಯಾರೂ ಕರೆಯದಿದ್ದರೂ, ಮೆಲ್ಲಗೆ ಸರಿದು ದಿಂಬಿನ ಕೆಳಗೆ ಅಡಗಿಕೊಂಡಿತು. ಅದು ಅಷ್ಟು ಚೆನ್ನಾಗಿ ಅಡಗಿಕೊಂಡಿತೆಂಬುದೇ ಸಾಕ್ಷಿಯಾಗಿತ್ತು. ಹುಡುಗಿಯ ಬೆನ್ನು ಅತ್ತ ಇತ್ತು.

ಸೊಸೆ ಇಡೀ ವಾರ ಸಿದ್ಧಪಡಿಸಿಕೊಂಡಿದ್ದ ಮಾತು ನಾಲಗೆಯ ಮೇಲೇ ಇತ್ತು. ಅದನ್ನು ಹೇಳಿದ ಮೇಲೆ ಆಗುವುದೆಲ್ಲ ಅವಳಿಗೆ ಒಮ್ಮೆಲೇ ಕಂಡಿತು. ಪೆಟ್ಟಿಗೆ ಕಟ್ಟುವುದು, ಹಗ್ಗಗಳನ್ನೆಲ್ಲ ಇಳಿಸುವುದು, ಮೊಳೆಯ ತೂತುಗಳಿಗೆ ಸುಣ್ಣ ತುಂಬುವುದು, ಹಿರಿಯ ಮಗನ ಮನೆಯ ಬಿಳಿಯ ಗೋಡೆಯ ಮುಂದೆ ಸುಮ್ಮನೆ ಕೂತ ಎರಡು ಒಳ್ಳೆಯ ಕೈ. ಒಬ್ಬ ಮನುಷ್ಯನನ್ನು ಮನೆಯಿಂದ ಕಳಿಸುವುದಕ್ಕೂ ಮೈಯಲ್ಲಿ ಕಸುವು ಬೇಕು. ಮೂರನೆಯ ಮಹಡಿಗೆ ಹಾಳೆ ಹೊತ್ತು ಹತ್ತಿದವಳಲ್ಲಿ ಅಷ್ಟು ಉಳಿದಿರಲಿಲ್ಲ. ಭುಜ ಮಾತ್ರ ನೋಯುತ್ತಿರಲಿಲ್ಲ.

"ಅಂಗಡೀಲಿ ತಗೊಂಡೆ," ಎಂದಳು.

"ಯಾವ ಅಂಗಡಿ ಅಕ್ಕ? ನನಗೂ ಒಂದು ಬೇಕು."

"ಮುಚ್ಚಿಹೋಯ್ತು."

ಹುಡುಗಿ ಬೇಸರಪಟ್ಟು, ತಾತನ ಕೈ ಇನ್ನೂ ಸೋಮಾರಿಯಾಗಿದೆ, ಬಿಡದೆ ಮಾಡಿಸಿ ಎಂದು ಹೇಳಿ ಹೋದಳು. ಸಂಜೆ ಸೊಸೆ ಫೋನಿನಲ್ಲಿ ಅದನ್ನೇ ಹೇಳಿದಾಗ ಓರಗಿತ್ತಿ, ಪಾಪ, ಅವಸರ ಮಾಡಬೇಡಿ ಎಂದಳು. ಅವಳ ದನಿಯಲ್ಲಿ ಕರುಣೆ ಎಷ್ಟು, ನೆಮ್ಮದಿ ಎಷ್ಟು ಎಂದು ಸೋಸಿ ನೋಡುವ ತಾಳ್ಮೆ ಸೊಸೆಗೆ ಇರಲಿಲ್ಲ.

ಫೋನಿಟ್ಟು ಅಡುಗೆಮನೆಗೆ ಹೋಗಿ, ಬುಟ್ಟಿಯ ತುಂಬ ಹುರುಳಿಕಾಯಿ ತಂದು ಮಾವನ ಮುಂದಿಟ್ಟಳು.

"ನಾರು ತೆಗೀರಿ ಮಾವ. ಎರಡೂ ಕೈಲಿ."

ಮಾವ ಬುಟ್ಟಿ ನೋಡಿದರು, ಅವಳನ್ನು ನೋಡಿದರು. ಆಮೇಲೆ ಎಡಗೈ ದಿಂಬಿನ ಕೆಳಗಿನಿಂದ ಹೊರಗೆ ಬಂದು ಒಂದು ಕಾಯಿ ಎತ್ತಿಕೊಂಡಿತು.

"ಯಾವಾಗ ಗೊತ್ತಾಯ್ತು?"

"ಬಸ್ಸಲ್ಲಿ."

ಅವರು ಕಾಯಿಯ ತುದಿ ಮುರಿದು ನಾರು ಎಳೆದರು. ಒಂದೇ ಎಳೆ, ಪೂರ್ತಿ ಬಂತು.

"ತಿರುಚಿ ಹಾಕಿದ್ರೆ ಭುಜ ಕುಯ್ಯತ್ತೆ ಕಣಮ್ಮ," ಎಂದರು, ತಪ್ಪೊಪ್ಪಿಗೆಯಂತಲ್ಲ, ದಾರಿ ಹೇಳುವವರಂತೆ. ಇನ್ನೆರಡು ಕಾಯಿಯಾದ ಮೇಲೆ, "ಆ ಮೇಜು ನಂಗೇನೂ ಬೇಕಾಗಿಲ್ಲ. ಔಷಧಿ ಕಿಟಕಿ ಮೇಲಿದ್ರೂ ಆಯ್ತು. ನಾನು ಇಲ್ಲೇ ಕೂತ್ಕೋತೀನಿ."

"ಭಾನುವಾರ ದೂಳು ಹೊಡಿಯೋದೂ ನೀವೇ."

"ಸ್ಟೂಲ್ ಹತ್ತಬೇಕಲ್ಲ."

"ಹುಡುಗಿ ನೋಡದಿದ್ದಾಗ ಹತ್ತಿ."

ಮಾವನ ಹುಬ್ಬಿನ ಗಂಟು ಸಡಿಲವಾಗಲಿಲ್ಲ. ಅದು ಎಡಗೈಯಂತಲ್ಲ, ನಿಜವಾದದ್ದು.

ಅವಳು ಕೋಣೆಗೆ ಹೋಗಿ ಔಷಧಿಗಳನ್ನು ಕಿಟಕಿಯ ಅಂಚಿಗೆ ಸರಿಸಿ, ಹಗ್ಗದ ಉಂಡೆಯನ್ನು ಮಂಚದ ಮೇಲೆ ಹಾಕಿ, ಕುರ್ಚಿ ಎಳೆದು ಕೂತಳು. ಕೂತು ತಿದ್ದುವುದು ಹೇಗೆಂಬುದೇ ಮರೆತಂತಿತ್ತು. ಚೀಲದಿಂದ ಹಾಳೆ ತೆಗೆದು, ಕನ್ನಡಕ ಹಾಕಿಕೊಂಡಳು. ಕಿಟಕಿಯ ಹೂಕುಂಡ ಅತ್ತ ಒಂದು ಸುತ್ತು ತಿರುಗಿತು. ಅದರ ನೆರಳು ಹಾಳೆಯ ಮೇಲೆ ಹಾದುಹೋಯಿತು. ಮೂರನೆಯ ಸಾಲಿನಲ್ಲಿ ಒಂದು ಒತ್ತಕ್ಷರ ಬಿಟ್ಟುಹೋಗಿತ್ತು. ಕಂಡಿತು. ಪೆನ್ನಿನ ಮುಚ್ಚಳ ತೆಗೆದಳು. ಆಮೇಲೆ ನಾಳೆ ಇದ್ದೇ ಇದೆ ಎಂದುಕೊಂಡು ಮುಚ್ಚಳ ಹಾಕಿ, ಕನ್ನಡಕ ತೆಗೆದಿಟ್ಟು, ಮೇಜಿನ ಮೇಲೆ ತಲೆಯಿಟ್ಟಳು.