ಅಮಾವಾಸ್ಯೆಯ ನಕ್ಷೆ

ಬನಹಟ್ಟಿಯ ನೇಕಾರರ ಓಣಿಯ ತುದಿಯ ಶಾಲೆಯಲ್ಲಿ ನಾನು ಇಪ್ಪತ್ತಾರು ವರ್ಷ ಭೂಗೋಳ ಕಲಿಸಿದ್ದೇನೆ. ಅಲ್ಲಿ ನನ್ನ ಮುಖ ನೋಡಿ ಬಾಗಿಲು ಹಾಕಿಕೊಂಡದ್ದು ಅವತ್ತೇ ಮೊದಲು. ಒಂದಲ್ಲ, ಎರಡು ಮನೆ.

ನನ್ನ ಜೊತೆ ತಮ್ಮನ ಮೊಮ್ಮಗಳು ಪ್ರಣೀತಾ ಇದ್ದಳು. ಬೆಳಗಾವಿಯಲ್ಲಿ ಆರ್ಕಿಟೆಕ್ಚರ್ ಕೊನೆಯ ವರ್ಷ. ಊರುಗಳು ಹೇಗೆ ಬೆಳೆಯುತ್ತವೆ, ಹೇಗೆ ಸೊರಗುತ್ತವೆ ಎಂದು ಅವಳ ತರಗತಿಯವರು ಜಮಖಂಡಿ, ಮುಧೋಳ, ಬೀಳಗಿ ಮತ್ತು ನಮ್ಮ ಊರನ್ನು ಹಂಚಿಕೊಂಡು ಅಭ್ಯಾಸ ಮಾಡುತ್ತಿದ್ದರು. ಇವಳ ಪಾಲಿಗೆ ಬಂದದ್ದು ನೇಕಾರರ ಓಣಿ. ನನ್ನ ಮನೆಯಲ್ಲಿ ಇಳಿದುಕೊಂಡು ಎರಡು ದಿನ ಅಳೆದಳು. ಸದ್ದು ಅಳೆಯಲು ಪ್ರತಿ ಬಾಗಿಲಲ್ಲಿ ಎರಡು ನಿಮಿಷ ಫೋನ್ ಹಿಡಿಯುವುದು. ಮಗ್ಗದ ಸದ್ದಿದ್ದ ಮನೆಗೆ ಕೆಂಪು, ಇಲ್ಲದ ಮನೆಗೆ ಬೂದಿ ಬಣ್ಣ. ಲ್ಯಾಪ್‌ಟಾಪಿನಲ್ಲಿ ಇಡೀ ಓಣಿ ಆಟಿಕೆಯಂತೆ ಎದ್ದು ನಿಂತಿತು. ಪೂರ್ವದ ಸಾಲು ಪೂರಾ ಕೆಂಪು. ಪಶ್ಚಿಮದ ಮೂವತ್ತೊಂದು ಮನೆ ಪೂರಾ ಬೂದಿ. ಇಷ್ಟು ಸ್ಪಷ್ಟವಾದ ಗೆರೆ ಬೇರೆ ಯಾವ ಊರಿನಲ್ಲೂ ಸಿಕ್ಕಿಲ್ಲ ಎಂದು ಗುರುಗಳು ಹೊಗಳಿದರಂತೆ. ಆ ಸತ್ತ ಸಾಲಿನ ಜಾಗದಲ್ಲಿ ಅವಳು ನೇಕಾರರ ಸ್ಮಾರಕ ಬರೆದಳು: ಕರಿಕಲ್ಲಿನ ಅಂಗಳ, ಅದರಲ್ಲಿ ಕಾಲು ಇಳಿಬಿಟ್ಟು ನೇಯುವ ಮೂವತ್ತೊಂದು ಖಾಲಿ ಮಗ್ಗದ ಕುಣಿ, ಒಂದೊಂದರ ಅಂಚಿಗೆ ಮತದಾರರ ಪಟ್ಟಿಯಿಂದ ತೆಗೆದ ಆ ಮನೆಯ ಹಿರಿಯರ ಹೆಸರು.

ಹೋದ ವಾರ ಅವಳ ತರಗತಿಯವರು ಇಲ್ಲಿನ ಮಂಗಲ ಕಾರ್ಯಾಲಯದಲ್ಲಿ ಚಿತ್ರಗಳನ್ನು ತೂಗುಹಾಕಿದರು. ಯಾರೋ ಫೋಟೊ ತೆಗೆದರು. ಸಂಜೆಯೊಳಗೆ ಓಣಿಯ ಎಲ್ಲ ಫೋನಿಗೂ ಮುಟ್ಟಿತು.

ತಪ್ಪು ನನಗೆ ಹೊಳೆದದ್ದು ಕ್ಯಾಲೆಂಡರಿನ ಮುಂದೆ. ಪೂರ್ವದ ಸಾಲು ಅಳೆದದ್ದು ಮಂಗಳವಾರ; ಪಶ್ಚಿಮದ ಸಾಲು ಅಳೆದ ಬುಧವಾರ ಅಮಾವಾಸ್ಯೆ. ಅಮಾವಾಸ್ಯೆಯ ದಿನ ಓಣಿಯಲ್ಲಿ ಯಾರೂ ನೇಯುವುದಿಲ್ಲ. ಮಗ್ಗ ಒರೆಸಿ, ಊದಿನಕಡ್ಡಿ ಹಚ್ಚಿ ಸುಮ್ಮನಿಡುತ್ತಾರೆ. "ಬುಧವಾರ ಹೋಗು, ಎಲ್ಲಾರೂ ಖಾಲಿ ಇರ್ತಾರ, ಮಾತಾಡ್ಲಿಕ್ಕೆ ಸಿಗ್ತಾರ" ಎಂದು ಕಳಿಸಿದವಳು ನಾನೇ. ಅವಳು ಮಾತಾಡದೆ ಅಳೆದು ಬರುತ್ತಾಳೆ ಎಂದು ನಾನು ಎಣಿಸಿರಲಿಲ್ಲ.

"ಶನಿವಾರ ಪರೀಕ್ಷಾ ಮುಗೀಲಿ ಅಜ್ಜಿ, ಆಮ್ಯಾಲೆ ತಿದ್ತೀನಿ" ಎಂದಳು ಪ್ರಣೀತಾ. "ಆ ಸಾಲು ಬದುಕಿದ್ರ ನನ್ನ ಸ್ಮಾರಕಕ್ಕ ನೆಲಾನೇ ಇಲ್ಲ. ಒಂದು ವರ್ಷದ ಕೆಲಸ."

"ಆ ನೆಲ ಅವರದು" ಎಂದೆ. ಓಣಿಗೆ ಕರೆದುಕೊಂಡು ಬಂದೆ.

ಮೂರನೆಯ ಮನೆ ಯಂಕವ್ವನದು. ಏಳನೆಯ ಇಯತ್ತೆಯಲ್ಲಿ ನನ್ನ ಕೈಕೆಳಗೆ ಓದಿದವಳು. ಬಾಗಿಲ ಚೌಕಟ್ಟಿನ ಎರಡೂ ಬದಿಗೆ ಕೈ ಕೊಟ್ಟು ನಿಂತಳು.

"ಸತ್ತವರ ಮನಿಗೆ ಯಾಕ ಬಂದ್ರಿ ಅಕ್ಕೋರ? ತಿಥಿ ಊಟಕ್ಕೇನ್ರಿ?"

"ತಪ್ಪಾಗೇದ ಯಂಕವ್ವ. ತಿದ್ಲಿಕ್ಕೆ ಬಂದೀವಿ."

"ಅವತ್ತು ಒಳಗ ಬಾ ತಂಗಿ, ಚಾ ಕುಡಿ ಅಂದ್ನಿ. ಟೈಮ್ ಇಲ್ಲ ಅಂದ್ಲು. ನನ್ನ ಸಾಯ್ಸಾಕ ಎರಡ ನಿಮಿಷ ಸಾಕಾತು ನಿಮ್ಮ ಹುಡುಗಿಗೆ."

ಒಳಗೆ ಸೊಸೆ ನೇಯುತ್ತಿದ್ದಳು. ಆ ಸದ್ದಿನ ಮೇಲೆ ಯಂಕವ್ವ ಇನ್ನೂ ನಾಲ್ಕು ಮಾತು ಬೈದಳು. ಬೈಯುತ್ತಲೇ ಕಾಲಿನಿಂದ ಒಂದು ಮಣೆಯನ್ನು ನೆರಳಿಗೆ, ನನ್ನ ಕಡೆಗೆ ಸರಿಸಿದಳು. ನನ್ನ ಮೊಣಕಾಲಿನ ನೋವು ಅವಳಿಗೆ ನೆನಪಿತ್ತು.

ಪ್ರಣೀತಾ ಫೋನ್ ಹಿಡಿದಳು. ನಕ್ಷೆಯಲ್ಲಿ ಮನೆ ಕೆಂಪಾಯಿತು. ಮುಚ್ಚಿದ ಬಾಗಿಲುಗಳ ಮುಂದೆಯೂ ನಿಂತಳು; ಮರದ ಹಲಗೆಯ ಆಚೆಯಿಂದ ಸದ್ದು ಚೆನ್ನಾಗಿಯೇ ಬರುತ್ತಿತ್ತು. ಯಾರೂ ಒಳಗೆ ಕರೆಯಲಿಲ್ಲ. ಒಬ್ಬ ತನ್ನ ಮೂಗಿನ ಕೆಳಗೆ ಬೆರಳು ಹಿಡಿದು, "ಇಲ್ಲೂ ಹಿಡಿಯವಾ ನಿನ್ನ ಮಷೀನ. ಉಸರ ಐತೋ ಇಲ್ಲೋ ನೋಡು" ಎಂದ. ಅಷ್ಟರಲ್ಲಿ ನಮ್ಮ ಹಿಂದೆ ಕೂಡಿದ್ದ ಓಣಿಯವರೆಲ್ಲ ನಕ್ಕರು. ಅದು ಒಳ್ಳೆಯ ನಗುವಾಗಿರಲಿಲ್ಲ.

ಎಲ್ಲರಿಗಿಂತ ಜೋರಾಗಿ ನಕ್ಕವನು ಧರೆಪ್ಪ. ಎಪ್ಪತ್ತು ದಾಟಿದ ಮುದುಕ. ಮೊದಲ ಮನೆಯಿಂದಲೂ ಬಡಿಗೆ ಊರುತ್ತ ನಮ್ಮ ಬೆನ್ನ ಹಿಂದೆಯೇ ಇದ್ದ. "ಅದನ್ನ ಅಳಸೂತನಕ ಈಕೀನ ಓಣಿ ದಾಟಸಬ್ಯಾಡ್ರಿ" ಎಂದು ಮೂರು ಸಲ ಹೇಳಿದ್ದ.

ಸಾಲಿನ ಕೊನೆಯದು ಅವನ ಮನೆಯೇ. ಪ್ರಣೀತಾ ಫೋನ್ ಎತ್ತಿದಳು. ಒಳಗಿಂದ ಮಗ್ಗದ ಸದ್ದು ಬರಲಿಲ್ಲ. ಜನರ ನಗು ನಿಂತಿತು. ಎಲ್ಲರಿಗೂ ಗೊತ್ತಿದ್ದದ್ದೇ ಇರಬೇಕು. ಯಾರೂ ಅವನ ಮುಖ ನೋಡಲಿಲ್ಲ.

"ನಿಮಗೇನ ಕೆಲಸಿಲ್ಲೇನ್ರಲೇ?" ಎಂದು, ಎಲ್ಲರ ಜೊತೆ ಬಂದಿದ್ದ ಯಂಕವ್ವ ಗುಂಪನ್ನು ಅಟ್ಟಿದಳು. ತಾನೂ ಹೋದಳು.

ಧರೆಪ್ಪ ಬಾಗಿಲು ಬಿಟ್ಟು ಸರಿದ. "ಒಳಗ ಬರ್ರಿ."

ನಡುಮನೆಯ ನೆಲದಲ್ಲಿ ಒಂದು ಚೌಕದಷ್ಟು ಮಾತ್ರ ಹೊಸ ಫರಸಿ ಕಲ್ಲು. ಅಲ್ಲಿ ಮೊದಲು ಮಗ್ಗದ ಕುಣಿ ಇತ್ತು.

"ಆರು ತಿಂಗಳಾತು. ಸೊಂಟ ಬಗ್ಗವಲ್ದು. ನಾನ ಮುಚ್ಚಿಸಿದ್ನಿ" ಎಂದ. "ಇದಕ್ಕ ಬೂದಿ ಬಣ್ಣನ ಇರಲಿ. ಸುಳ್ಳ ಬರಿ ಅಂತ ನಾ ಹೇಳಂಗಿಲ್ಲ. ಆದ್ರ ಕಲ್ಲಿನ ಮ್ಯಾಲ ನನ್ನ ಹೆಸರ ಬ್ಯಾಡ. ನಾ ಇನ್ನೂ ಉಣ್ಣಾಕತ್ತೇನಿ."

ಪ್ರಣೀತಾ ಆ ಹೊಸ ಫರಸಿಯನ್ನು ಬಿಟ್ಟು, ಪಕ್ಕದಲ್ಲಿ ಕುಳಿತು ಲ್ಯಾಪ್‌ಟಾಪ್ ತೆರೆದಳು. ಕರಿಕಲ್ಲಿನ ಅಂಗಳ ಪರದೆ ತುಂಬ ಬಂತು. ತುಂಬ ಚೆಂದವಿತ್ತು ಅದು, ಈಗಲೂ ಹೇಳುತ್ತೇನೆ.

"ಅಳಸ್ಲೇನು ಅಜ್ಜಾ?"

"ಈಗ ಕೇಳ್ತಿ. ಕಟ್ಟೂ ಮುಂದ ಕೇಳಿದ್ದೇನು?"

ಅವಳು ಒತ್ತಿದಳು. ಮೂವತ್ತೊಂದು ಕುಣಿಯೂ ಒಮ್ಮೆಗೇ ಹೋದವು. ಮನೆಗಳು ಮತ್ತೆ ಬಂದು ನಿಂತವು.

"ನಾಪಾಸ ಆಗ್ತಿಯೇನು?" ಎಂದ ಧರೆಪ್ಪ.

"ಆಗಬಹುದು."

"ಆಗು" ಎಂದ. ನಾವು ಹೊರಬಂದ ಮೇಲೆ ಅಗಳಿ ಹಾಕಿಕೊಂಡ ಸದ್ದು ಕೇಳಿಸಿತು.

"ಶನಿವಾರ ಏನು ತೋರಿಸ್ಲಿ ಅಜ್ಜಿ?" ಎಂದಳು ಪ್ರಣೀತಾ. ನಡೆಯುತ್ತ ಅವಳೇ ಉತ್ತರ ಹೇಳಿಕೊಂಡಳು: "ಮೂವತ್ತು ಕೆಂಪು. ಒಂದು ಬೂದಿ."

ತಿರುವಿನಲ್ಲಿ ನಾನು ಹೊರಳಿ ನೋಡಿದೆ. ನಾವು ನಿಂತಿದ್ದ ತನ್ನ ಹೊಸ್ತಿಲಿಗೆ ಯಂಕವ್ವ ಕೊಡದಿಂದ ನೀರು ಸುರುವಿ ತೊಳೆಯುತ್ತಿದ್ದಳು, ಹೆಣ ಎತ್ತಿದ ಮೇಲೆ ಮನೆ ತೊಳೆಯುವಂತೆ. ಆದರೆ ನಾವು ಅವಳ ಬಾಗಿಲು ದಾಟುವವರೆಗೆ ತುಂಬಿದ ಕೊಡ ಹಿಡಿದು ಕಾದಿದ್ದಳು.